ಬ್ರಶ್ ಮಾಡಿದ್ರೆ ಒಸಡಿನಿಂದ ರಕ್ತ ಬರುತ್ತೆ, ಬಾಯಿ ವಾಸನೆ ಬೇರೆ. ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ ಅಂತ ಮನೆಯಲ್ಲಿ ಹೆದರಿಸ್ತಾರೆ. ಯಾವ ಪೇಸ್ಟ್, ಯಾವ ಮೌತ್‌ವಾಶ್ ಒಳ್ಳೆಯದು?

ಯಾವುದೂ ಅಲ್ಲ. ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಲವಂಗದ್ದು, ಉಪ್ಪಿನದು, ಇದ್ದಿಲಿನದು ಅಂತ ನಾನು ಎಲ್ಲಾ ಪೇಸ್ಟ್ ಬಳಸಿ ನೋಡಿದ್ದೇನೆ.

ನನಗೆ ಶುರುವಾಗಿದ್ದು ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ. ಉಗುಳಿದರೆ ನೊರೆಯೆಲ್ಲ ಕೆಂಪು. ಗಾಯ ಆಗಿದೆ, ಮಾಯಲಿ ಅಂತ ಆ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಬಿಟ್ಟೆ. ನಾನು ಕೆಟ್ಟಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ತುಂಬಾ ಜನ ಇದನ್ನೇ ಮಾಡುತ್ತಾರೆ. ಸಾಮಾನ್ಯವಾಗಿ ರಕ್ತ ಬರುವುದು ಬ್ರಶ್ ಚುಚ್ಚಿದ್ದಕ್ಕಲ್ಲ. ಹಲ್ಲು, ಒಸಡು ಸೇರುವ ಗೆರೆಯಲ್ಲಿ ಪಾಚಿ ಕೂತು, ಅದರ ಬ್ಯಾಕ್ಟೀರಿಯಾದಿಂದ ಒಸಡು ಊದಿಕೊಂಡಿರುತ್ತದೆ. ಅಲ್ಲಿ ಬ್ರಶ್ ನಿಲ್ಲಿಸಿದರೆ ಪಾಚಿ ಇನ್ನೂ ಜಾಸ್ತಿಯಾಗಿ, ಉಗುಳಿನ ಕ್ಯಾಲ್ಸಿಯಂ ಸೇರಿ, ಗಾರೆ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಶ್ಶಿಗೂ ಅದು ಬರಲ್ಲ. ಒಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತಾ ಒಳಗೆ ಸಂದಿ ಬೀಳುತ್ತದೆ. ಡಾಕ್ಟರ್ ಗುರುತು ಹಾಕಿದ ಸಣ್ಣ ಕಡ್ಡಿ ಇಳಿಸಿ ಅಳೆದರು. 3 ಮಿಲಿಮೀಟರ್ ತನಕ ಸರಿ, ನನಗೆ ಕೆಲವು ಕಡೆ 6 ಇತ್ತು. ವಾಸನೆ ಬರುತ್ತಿದ್ದದ್ದು ಅಲ್ಲಿಂದಲೇ, ಅಷ್ಟು ಆಳಕ್ಕೆ ಮೌತ್‌ವಾಶ್ ಇಳಿಯೋದೇ ಇಲ್ಲ.

ಎಕ್ಸ್‌ರೇ ತೆಗೆದಾಗ ಹಲ್ಲನ್ನು ಹಿಡಿದಿರುವ ಮೂಳೆ ಸವೆದಿದ್ದು ಕಾಣಿಸಿತು. ಊತ ಇಳಿಯುತ್ತದೆ, ಹೋದ ಮೂಳೆ ತಾನಾಗಿ ವಾಪಸ್ ಬರಲ್ಲ. ಒಂದು ಹಲ್ಲು ಕೀಳಿಸಬೇಕಾಯಿತು.

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ ಅಂತ ಮನೆಯಲ್ಲಿ ಹೆದರಿಸ್ತಾರೆ ಅಂದಿದ್ದೀರಿ. ನಮ್ಮಮ್ಮನೂ ಅದನ್ನೇ ಹೇಳಿದ್ದರು. ಹಾಗಲ್ಲ. ಹಲ್ಲು ಮೊದಲೇ ಸಡಿಲ ಆಗಿರುತ್ತದೆ, ಗಾರೆ ಹಿಡಿದುಕೊಂಡಿರುವುದರಿಂದ ಗೊತ್ತಾಗಿರಲ್ಲ. ಸ್ಕೇಲಿಂಗ್, ಅಂದ್ರೆ ಆ ಗಾರೆ ತೆಗೆಯುವ ಕ್ಲೀನಿಂಗ್, ಆದ ಮೇಲೆ ಕೆಲವು ದಿನ ತಣ್ಣೀರಿಗೆ ಜುಂ ಅನ್ನುತ್ತದೆ, ಹಲ್ಲಿನ ನಡುವೆ ಸಂದು ಕಾಣುತ್ತದೆ, ಅಷ್ಟೇ. ದುಡ್ಡಿನ ಯೋಚನೆ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಾದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಕಾಲೇಜು ಇದೆ.

ಮನೆಯಲ್ಲಿ ಮೆತ್ತನೆ ಬ್ರಶ್ ಸಾಕು. ಒಸಡಿನ ಗೆರೆಗೆ ಓರೆಯಾಗಿ ಹಿಡಿದು, ಒತ್ತದೆ, 2 ನಿಮಿಷ ಉಜ್ಜಿ, ರಾತ್ರಿ ಮಲಗುವ ಮುಂಚೆ ಅಂತೂ ತಪ್ಪಿಸಲೇಬೇಡಿ. ಹಲ್ಲಿನ ಸಂದಿಗೆ ಫ್ಲಾಸ್ ಅನ್ನುವ ದಾರ ಅಥವಾ ಅದಕ್ಕೇ ಸಿಗುವ ಪುಟ್ಟ ಬ್ರಶ್. ನಾಲಿಗೆಯ ಹಿಂಭಾಗ ಕೆರೆಯಿರಿ, ವಾಸನೆ ಅಲ್ಲಿಂದಲೂ ಬರುತ್ತದೆ. ಇದ್ದಿಲು, ಉಪ್ಪು ಹಾಕಿ ತಿಕ್ಕಬೇಡಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇರುವ ಮೌತ್‌ವಾಶ್ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ, ಸುಮ್ನೆ ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ರಕ್ತವೇ ಕಾಣದೆ ಒಳಗೊಳಗೇ ಮೂಳೆ ಸವೆಯಬಹುದು, ಹಾಗಾಗಿ ರಕ್ತ ನಿಂತಿತು ಅಂತ ನೆಮ್ಮದಿ ಬೇಡ.

ಒಂದು ಶುಗರ್ ಟೆಸ್ಟ್ ಕೂಡ ಮಾಡಿಸಿ. ಶುಗರ್ ಜಾಸ್ತಿ ಇದ್ದರೆ ಒಸಡು ಬೇಗ ಕೆಡುತ್ತದೆ, ಒಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ರಿಪೋರ್ಟ್ ಹಲ್ಲಿನ ಡಾಕ್ಟರ್ ಕೇಳದಿದ್ದರೂ ನೀವೇ ತೋರಿಸಿ.