ಫ್ರಾಮ್ ಹಡಗಿನ ಮಾದರಿ: ಮೊದಲು ವರ್ಷ ಆರಿಸಿ, ಆಮೇಲೆ ಡೆಕ್ ಅಂಟಿಸಿ

ನೀವು ಕೇಳಿರುವುದು ಎರಡು. 1:75 ಅಳತೆಯ ಕಿಟ್ಟಿನ ನಾನ್ಸೆನ್ ಕಾಲದ ನಕ್ಷೆ ಓಸ್ಲೋ ಮ್ಯೂಸಿಯಂ ಫೋಟೋಗಳಿಗೆ ತಾಳೆಯಾಗುತ್ತಿಲ್ಲ, ಯಾವುದು ತಪ್ಪು? ಗಾಳಿಯಂತ್ರವನ್ನೂ ಅಮುಂಡ್ಸೆನ್ ಒಯ್ದ ನಾಯಿಗಳನ್ನೂ ಒಂದೇ ಡೆಕ್ ಮೇಲೆ ತೋರಿಸಬಹುದೇ?

ಎರಡೂ ಸರಿ, ಆದರೆ ಬೇರೆ ಬೇರೆ ವರ್ಷಕ್ಕೆ. ಫ್ರಾಮ್ ಮೂರು ದೊಡ್ಡ ಧ್ರುವಯಾನಗಳಿಗೆ ದುಡಿದ ನಾರ್ವೆಯ ಹಡಗು: 1893ರಲ್ಲಿ ನಾನ್ಸೆನ್, 1898ರಲ್ಲಿ ಸ್ವೆರ್ಡ್ರುಪ್, 1910ರಲ್ಲಿ ಅಮುಂಡ್ಸೆನ್ ಮುಂದಾಳುಗಳು. ಪ್ರತಿ ಸಲವೂ ಕೆಲಸಕ್ಕೆ ತಕ್ಕಂತೆ ಅದನ್ನು ಬದಲಿಸಿದರು. ಗಾಳಿಯಂತ್ರ ಮೊದಲ ಯಾನದ್ದು, 97 ನಾಯಿಗಳು ಮೂರನೆಯದರವು. ಒಟ್ಟಿಗೆ ಇಡಬೇಡಿ.

ಕಾಲಿನ್ ಆರ್ಚರ್ ಲಾರ್ವಿಕ್‌ನಲ್ಲಿ ಕಟ್ಟಿ 1892ರ ಅಕ್ಟೋಬರ್‌ನಲ್ಲಿ ನೀರಿಗಿಳಿಸಿದ ಹಡಗಿಗೆ ಇದ್ದದ್ದು ಒಂದೇ ಗುರಿ: ಹಿಮ ಎರಡೂ ಕಡೆಯಿಂದ ಒತ್ತಿದಾಗ ನುಜ್ಜುಗುಜ್ಜಾಗದೆ ಮೇಲಕ್ಕೆ ಜಾರಿಕೊಳ್ಳಬೇಕು. ಅದಕ್ಕೇ ಒಡಲು ಅರ್ಧ ತೆಂಗಿನಕಾಯಿಯಂತೆ ದುಂಡಗಿದೆ. ಉದ್ದ 39 ಮೀ, ಅಗಲ 11 ಮೀ. ನಿಮ್ಮ ಮಾದರಿಯಲ್ಲಿ 52 ಸೆಂ.ಮೀ ಮತ್ತು ಸುಮಾರು 14.7 ಸೆಂ.ಮೀ. ಬುಡದ ಕೀಲ್ (ತಳದುದ್ದಕ್ಕೂ ಹೋಗುವ ಬೆನ್ನೆಲುಬಿನಂಥ ಮರ) ಹೊರಚಾಚಿದ್ದು ಮೂರೇ ಅಂಗುಲ, ಅಂದರೆ ನಿಮಗೆ 1 ಮಿ.ಮೀ. ಕಿಟ್‌ನ ಕೀಲ್ ಇದಕ್ಕಿಂತ ಹೆಚ್ಚು ಹೊರಬಂದಿದ್ದರೆ 1893ರ ಮಾದರಿಗೆ ಅದನ್ನು ಉಜ್ಜಿ ಇಳಿಸಲೇಬೇಕು. ಸಮುದ್ರದಲ್ಲಿ ಹಡಗು ವಿಪರೀತ ಹೊರಳಾಡಿದ್ದಕ್ಕೂ ಇದೇ ಕಾರಣ. 1898ರಲ್ಲಿ ಸ್ವೆರ್ಡ್ರುಪ್ ಯಾನಕ್ಕೆ ಮುಂಚೆ ಕೆಳಗೆ ಇನ್ನೊಂದು ಹೆಚ್ಚುವರಿ ಕೀಲ್ ಜೋಡಿಸಿದರು.

ನಿಮ್ಮ ಡೆಕ್ ಗೊಂದಲದ ಮೂಲವೂ 1898. ಮೊದಲ ಯಾನಕ್ಕೆ 13 ಜನ ಇದ್ದರು, ಸ್ವೆರ್ಡ್ರುಪ್ ಜೊತೆ ಒಟ್ಟು 16. ಜಾಗ ಸಾಲದೆ ಮುಂಭಾಗದಲ್ಲಿ ಮೇಲೊಂದು ಡೆಕ್ ಹಾಕಿ ಅದರಡಿ ಕೋಣೆಗಳನ್ನು ಮಾಡಿದರು. ಮ್ಯೂಸಿಯಂನಲ್ಲಿರುವುದು ಈ ಬದಲಾವಣೆಗಳ ನಂತರದ ಹಡಗು. ಆ ಫೋಟೋ ನೋಡಿಕೊಂಡು 1893ರದ್ದನ್ನು ಕಟ್ಟಿದರೆ ಮುಂಭಾಗ ಎತ್ತರವಾಗಿಬಿಡುತ್ತದೆ, ಎಲ್ಲರೂ ಎಡವುವುದು ಇಲ್ಲೇ.

ಒಡಲಿನ ಹಲಗೆ ಕೆಲಸಕ್ಕೆ ಆತುರ ಬೇಡ. ಹೊರಗಿನ ಹಿಮಕವಚ ಗ್ರೀನ್‌ಹಾರ್ಟ್ ಮರದ್ದು, ನೀರಿನ ಗೆರೆಯಲ್ಲಿ ಆರು ಅಂಗುಲ ದಪ್ಪ, ತಳದತ್ತ ಇಳಿಯುತ್ತಾ ಮೂರು ಅಂಗುಲ. ಹೊರಪದರಕ್ಕೆ 2 ಮಿ.ಮೀ ಪಟ್ಟಿ ಅಂಟಿಸಿ, ಕೀಲ್ ಹತ್ತಿರ 1 ಮಿ.ಮೀಗೆ ಬರುವಂತೆ ಉಜ್ಜಿ. ಒಡಲು ದುಂಡಗಿರುವುದರಿಂದ ಪಟ್ಟಿಗಳು ಎರಡೂ ತುದಿಯಲ್ಲಿ ಗುಂಪುಗೂಡುತ್ತವೆ. ತುದಿಗಳನ್ನು ಮೊದಲೇ ಸಣ್ಣ ಮಾಡಿ, ಆದರೆ ಅರ್ಧ ಅಗಲಕ್ಕಿಂತ ಕಡಿಮೆ ಬೇಡ, ಸೀಳುತ್ತದೆ. ಅಷ್ಟಕ್ಕೂ ಜಾಗ ಸಾಲದಿದ್ದರೆ ಒಂದು ಪಟ್ಟಿಯನ್ನು ನಡುವೆಯೇ ನಿಲ್ಲಿಸಿ ಪಕ್ಕದ್ದನ್ನು ಅದರ ಮುಂದಕ್ಕೆ ಎಳೆಯಿರಿ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಬಗ್ಗಿಸಿ, ಪೂರ್ತಿ ಒಣಗಿದ ಮೇಲೆಯೇ ಅಂಟು. ಒದ್ದೆಯಲ್ಲಿ ಅಂಟಿಸಿದರೆ ಒಣಗುವಾಗ ಕುಗ್ಗಿ ಸಂದು ಬಿಡುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಹೋಗಿ. ಒಂದೇ ಕಡೆ ಮುಗಿಸಿದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ.

ಹಿಂಭಾಗದಲ್ಲಿ ಚುಕ್ಕಾಣಿ, ಪ್ರೊಪೆಲ್ಲರ್ ಎರಡಕ್ಕೂ ಬಾವಿಯಂಥ ಕಿಂಡಿಗಳಿವೆ. ಹಿಮ ಬಂದಾಗ ಎರಡನ್ನೂ ಮೇಲಕ್ಕೆತ್ತಲು ಅನುಕೂಲವಾಗಲೆಂದು. ಆ ಕಿಂಡಿಗಳನ್ನು ಡೆಕ್ ಅಂಟಿಸುವ ಮುಂಚೆಯೇ ಕೊರೆಯಿರಿ.

ಗಾಳಿಯಂತ್ರ ಬೇಕೇ ಬೇಕೆಂದರೆ ಹಡಗನ್ನು ಹಿಮದಲ್ಲಿ ಕೂರಿಸಿ. ದೀಪಕ್ಕೆ ವಿದ್ಯುತ್ ಕೊಡುವ ಅದನ್ನು ನಿಲ್ಲಿಸಿದ್ದು 1893ರ ಅಕ್ಟೋಬರ್‌ನಲ್ಲಿ, ಹಡಗು ಹಿಮದಲ್ಲಿ ಸಿಕ್ಕಿಕೊಂಡ ಮೇಲೆ. ಹಾಯಿ ಬಿಚ್ಚಿರಬಾರದು, ಚುಕ್ಕಾಣಿ ಮೇಲೆತ್ತಿರಬೇಕು. ಕಂಬದ ಮೇಲೆ ನಿಂತು ದೂರ ನೋಡುವ ಕಾವಲು ಪೀಪಾಯಿ ನೀರಿನಿಂದ ಸುಮಾರು 31 ಮೀ ಎತ್ತರದಲ್ಲಿತ್ತು, ನಿಮಗೆ 41 ಸೆಂ.ಮೀ. ಗಾಜಿನ ಪೆಟ್ಟಿಗೆಗೆ ಅಳತೆ ಕೊಡುವಾಗ ಇದನ್ನು ಮರೆಯಬೇಡಿ.

ಅಮುಂಡ್ಸೆನ್ ಯಾನವೇ (1910–12) ಇಷ್ಟವಾದರೆ ಯಂತ್ರ ಬೇರೆ. 220 ಅಶ್ವಶಕ್ತಿಯ ಉಗಿಯಂತ್ರ ತೆಗೆದು ಸ್ವೀಡನ್‌ನ 180 ಅಶ್ವಶಕ್ತಿಯ ಡೀಸೆಲ್ ಇಟ್ಟರು. ಶಕ್ತಿ ಕಡಿಮೆಯಾದರೂ ಬಾಯ್ಲರ್ ಕಾಯಿಸುತ್ತಾ ಗಂಟೆಗಟ್ಟಲೆ ಕಾಯಬೇಕಿಲ್ಲ, ಕಲ್ಲಿದ್ದಲು ತುಂಬುವ ಆಳುಗಳೂ ಬೇಕಿಲ್ಲ. ಹೊಗೆಕೊಳವೆಯನ್ನು ಆ ಯಾನದ ಫೋಟೋ ನೋಡಿಯೇ ಮಾಡಿ, ಉಗಿಕಾಲದ ನಕ್ಷೆ ನಂಬಬೇಡಿ. ನಾಯಿಗಳು ಒದ್ದೆಯಲ್ಲಿ ಮಲಗದಿರಲೆಂದು ಡೆಕ್ ಮೇಲೆ ಸ್ವಲ್ಪ ಎತ್ತರಿಸಿದ ಬಿಡಿಹಲಗೆ ನೆಲ ಹಾಸಿದ್ದರು, ಉಷ್ಣವಲಯದ ಬಿಸಿಲಿಗೆ ಮೇಲೆ ಬಟ್ಟೆಯ ಚಪ್ಪರ. ನೆಲಕ್ಕೆ 1 ಮಿ.ಮೀ ಕಡ್ಡಿಗಳ ಮೇಲೆ ಹಲಗೆ ಜೋಡಿಸಿ, ನಡುವೆ ಸಂದು ಬಿಡಿ. ಚಪ್ಪರಕ್ಕೆ ಹಳೆಯ ಮಲ್ಲು ಪಂಚೆಯ ತುಂಡು ಚಹಾ ನೀರಲ್ಲಿ ಅದ್ದಿದರೆ ಸಾಕು. ಚಪ್ಪರದಡಿ ಡೆಕ್‌ನ ಅರ್ಧ ವಿವರ ಮುಚ್ಚಿಹೋಗುತ್ತದೆ, ಹಾಗಾಗಿ ಒಂದು ಬದಿ ಸುತ್ತಿಟ್ಟಂತೆ ತೋರಿಸುವುದು ಒಳ್ಳೆಯದು.

ಮ್ಯೂಸಿಯಂನಲ್ಲಿ ಕಾಣುವ ಹಾಗೆಯೇ ಬೇಕೆಂದರೆ ಅದೂ ಸರಿ. 1914ರಲ್ಲಿ ನಾರ್ವೆಗೆ ಮರಳಿದ ಹಡಗು ವರ್ಷಗಟ್ಟಲೆ ಕೊಳೆಯುತ್ತಾ ನಿಂತಿತ್ತು, ಆಮೇಲೆ ಸ್ಯಾಂಡೆಫ್ಯೋರ್ಡ್‌ನಲ್ಲಿ ರಿಪೇರಿ ಮಾಡಿ 1935ರಲ್ಲಿ ದಡಕ್ಕೆಳೆದರು. ಆಗ ನಾಯಿನೆಲ, ಚಪ್ಪರ, ಗಾಳಿಯಂತ್ರ ಯಾವುದೂ ಬೇಡ.

ಇದು ಮೊದಲ ಮಾದರಿಯಾದ್ದರಿಂದ ನನ್ನ ಸಲಹೆ 1893, ಹಿಮದಲ್ಲಿ ಕೂತ ರೂಪ. ಹಾಯಿ ಹೊಲಿಯುವ ಕೆಲಸ ತಪ್ಪುತ್ತದೆ, ಒಡಲ ಕೆಳಭಾಗದ ತಪ್ಪುಗಳನ್ನು ಹಿಮ ಮುಚ್ಚುತ್ತದೆ. ಕೀಲ್ ಉಜ್ಜುವ ಮುಂಚೆ ಅದರ ಅಳತೆ, ಮುಂಭಾಗದ ಬಲ್ಕ್‌ಹೆಡ್‌ಗಳ (ಒಡಲಿಗೆ ಆಕಾರ ಕೊಡುವ ಅಡ್ಡ ಹಲಗೆಗಳ) ಎತ್ತರ ಎರಡನ್ನೂ ಇಲ್ಲಿ ಹಾಕಿ. ಕಿಟ್ ಯಾವ ವರ್ಷದ್ದೆಂದು ಅದರಿಂದಲೇ ಹೇಳಬಹುದು.