ಗ್ರಂಥಾಲಯದ ತರಗತಿಯಲ್ಲಿ ಮತ ಕೇಳುವ ಬಗೆ

ಪ್ರಶ್ನೆ: ನಾನು ಪದವಿ ಕಾಲೇಜಿನ ಗ್ರಂಥಪಾಲಕಿ. ಹೊಸ ವಿದ್ಯಾರ್ಥಿಗಳಿಗೆ ಪುಸ್ತಕ ಹುಡುಕುವುದನ್ನು ಹೇಳಿಕೊಟ್ಟು "ಅರ್ಥವಾಯ್ತಾ?" ಎಂದರೆ ನಲವತ್ತು ಮಂದಿಯೂ ತಲೆಯಾಡಿಸುತ್ತಾರೆ. ಆಮೇಲೆ ಕಪಾಟಿನ ಮುಂದೆ ತಡಕಾಡುತ್ತಾರೆ. ಕ್ಲಿಕ್ಕರ್ (ಗುಂಡಿ ಒತ್ತಿ ಉತ್ತರ ಕಳಿಸುವ ಕೈ ಸಾಧನ) ಕೊಳ್ಳಲು ಹಣವಿಲ್ಲ. ಏನು ಮಾಡಲಿ?

ಉತ್ತರ: ನಿಮಗೆ ಪ್ಲಿಕರ್ಸ್ ಹೊಂದುತ್ತದೆ. ಇದು ಫೋನಿನ ಕ್ಯಾಮೆರಾದಿಂದ ಕಾರ್ಡು ಓದಿ ಮತ ಎಣಿಸುವ ಆ್ಯಪ್. ವಿದ್ಯಾರ್ಥಿಗಳ ಕೈಯಲ್ಲಿ ಇರುವುದು ಬರೀ ಕಾಗದದ ಕಾರ್ಡು. ಇಂಟರ್ನೆಟ್ ಇರುವ ಫೋನು ನಿಮ್ಮೊಬ್ಬರ ಬಳಿ ಇದ್ದರೆ ಸಾಕು. ಪ್ಲಿಕರ್ಸ್ ಜಾಲತಾಣದಿಂದ 40 ಕಾರ್ಡುಗಳ ಕಟ್ಟು ಇಳಿಸಿಕೊಂಡು, ಎ4 ಹಾಳೆಗೆ ಎರಡರಂತೆ 20 ಹಾಳೆಯಲ್ಲಿ ಮುದ್ರಿಸಿ. ಪ್ರತಿ ಕಾರ್ಡಿನ ಕಪ್ಪು ಆಕೃತಿ ಬೇರೆ ಬೇರೆ, ಹಾಗಾಗಿ ಪಕ್ಕದವರದನ್ನು ನೋಡಿ ನಕಲು ಮಾಡಲಾಗದು. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ಇರುತ್ತವೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ಎತ್ತಿ ಹಿಡಿದರೆ ಮತ ಹಾಕಿದಂತೆ. ನೀವು ಫೋನಿನ ಕ್ಯಾಮೆರಾವನ್ನು ಕೋಣೆಯ ಉದ್ದಕ್ಕೂ ನಿಧಾನವಾಗಿ ಹಾಯಿಸಿ.

ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಟ್ಯೂಬ್‌ಲೈಟು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ದಪ್ಪ ಕಾಗದವೇ ಮೇಲು. ಬೆರಳು ಕಪ್ಪು ಭಾಗಕ್ಕೆ ತಾಗಿದರೂ ಆ ಮತ ಬೀಳದು, ಬಿಳಿ ಅಂಚು ಹಿಡಿಯಲು ಮೊದಲೇ ತೋರಿಸಿಕೊಡಿ. ಕಿಟಕಿಗೆ ಬೆನ್ನು ಮಾಡಿ ಕೂತವರಿದ್ದರೆ ಪರದೆ ಎಳೆಯಿರಿ.

ಇದಕ್ಕಿಂತ ಮುಖ್ಯ ನೀವು ಕೇಳುವ ಪ್ರಶ್ನೆ. "ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ?" ಎಂಬುದಕ್ಕೆ ಮತ ಬೇಡ. ಇಂಥದ್ದು ಕೇಳಿ: ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಾದಂಬರಿ 894.8143, ತೆಲುಗು ಸಾಹಿತ್ಯ 894.827. ಕಪಾಟಿನಲ್ಲಿ ಯಾವುದು ಮೊದಲು? 8143 ದೊಡ್ಡದು, 827 ಚಿಕ್ಕದು ಎಂದುಕೊಂಡವರು ತೆಲುಗಿಗೆ ಮತ ಹಾಕುತ್ತಾರೆ. ಬಿಂದುವಿನ ನಂತರ ಒಂದೊಂದೇ ಅಂಕಿ ಹೋಲಿಸಬೇಕು: 8 ಎರಡರಲ್ಲೂ ಇದೆ, ಮುಂದಿನದು 1 ಮತ್ತು 2. ಕನ್ನಡವೇ ಮೊದಲು. ಕಪಾಟಿನ ಮುಂದೆ ತಡಕಾಡುವುದು ಇದೇ ಕಾರಣಕ್ಕೆ ಇರಬಹುದು. ತಪ್ಪು ಆಯ್ಕೆಗಳನ್ನು ಹೀಗೆ ನಿಜವಾಗಿ ಆಗುವ ತಪ್ಪುಗಳಿಂದಲೇ ಆರಿಸಿ.

ಮೊದಲ ಮತದ ಗ್ರಾಫನ್ನು ಕೂಡಲೇ ತೋರಿಸಬೇಡಿ, ಎಲ್ಲರೂ ಎತ್ತರದ ಕಂಬದ ಕಡೆ ವಾಲುತ್ತಾರೆ. ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ ಇಲ್ಲಿಗೂ ಸಲ್ಲುತ್ತದೆ. ಸುಮಾರು 30ರಿಂದ 70 ಶೇಕಡಾ ಮಂದಿ ಸರಿ ಹೇಳಿದ್ದರೆ ಉತ್ತರ ಬಿಡದೆ, ಎರಡು ನಿಮಿಷ ಪಕ್ಕದವರೊಂದಿಗೆ ವಾದಿಸಲು ಬಿಟ್ಟು ಮತ್ತೆ ಮತ ಕೇಳಿ. ಅದಕ್ಕೂ ಕಡಿಮೆಯಿದ್ದರೆ ಪಾಠವನ್ನೇ ಬೇರೆ ರೀತಿಯಲ್ಲಿ ಹೇಳಿ. ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಸಾಗಿ. ಹೀಗೆ ಮಾಡಿದರೆ 45 ನಿಮಿಷಕ್ಕೆ ನಾಲ್ಕೈದು ಪ್ರಶ್ನೆ ಧಾರಾಳ. ಮತ ನೋಡಿಯೂ ಪಾಠ ಬದಲಿಸದಿದ್ದರೆ ಕಾರ್ಡು ಎತ್ತಿಸಿದ್ದೇ ದಂಡ.

ಪ್ರಶ್ನೆ: ನಮ್ಮಲ್ಲಿ ರೇಡಿಯೋ ತರಂಗದ ಕ್ಲಿಕ್ಕರ್‌ಗಳಿವೆ. ಪಕ್ಕದ ಕೋಣೆಯಲ್ಲೂ ಅವೇ. ಕೆಲವೊಮ್ಮೆ ಮತಗಳ ಸಂಖ್ಯೆ ಹಾಜರಿಗಿಂತ ಹೆಚ್ಚು ಬರುತ್ತದೆ!

ಉತ್ತರ: ಎರಡೂ ಕೋಣೆಯ ರಿಸೀವರ್ (ಕ್ಲಿಕ್ಕರ್‌ಗಳ ಮತ ಹಿಡಿಯುವ ಸಾಧನ) ಒಂದೇ ಚಾನೆಲ್‌ನಲ್ಲಿದ್ದರೆ ಅವರ ಮತ ನಿಮ್ಮಲ್ಲಿ ಬೀಳಬಹುದು. ಒಂದು ಕೋಣೆಯ ರಿಸೀವರ್‌ಗೆ ಬೇರೆ ಚಾನೆಲ್ ಕೊಡಿ. ಆ ಕೋಣೆಯ ಪ್ರತಿ ಕ್ಲಿಕ್ಕರ್‌ನಲ್ಲೂ ಅದೇ ಸಂಖ್ಯೆ ಹಾಕಬೇಕು. ಚಾನೆಲ್ ಸಂಖ್ಯೆಯನ್ನು ಸ್ಟಿಕರ್‌ನಲ್ಲಿ ಬರೆದು ಹಿಂಬದಿಗೆ ಅಂಟಿಸಿಡಿ.

ಪ್ರಶ್ನೆ: ಉತ್ತರಗಳನ್ನು ಹೆಸರಿನೊಂದಿಗೆ ದಾಖಲಿಸಬೇಕೆ?

ಉತ್ತರ: ಅಂಕ ಕೊಡದ ತರಗತಿಯಲ್ಲಿ ಬೇಡ. ಹೆಸರು ಗೊತ್ತಾಗದು ಎಂದಾಗಲೇ ಹಿಂದಿನ ಬೆಂಚಿನವರೂ ತಮಗನಿಸಿದ್ದನ್ನು ಒತ್ತುತ್ತಾರೆ. ಆರಂಭ, ಕೊನೆ ಎರಡನ್ನೂ ಹೋಲಿಸಬೇಕಿದ್ದರೆ ಒಬ್ಬರಿಗೆ ಒಂದೇ ಕಾರ್ಡು ಸಂಖ್ಯೆ ಉಳಿಸಿ. ಯಾರಿಗೆ ಯಾವುದೆಂದು ಬರೆದುಕೊಳ್ಳಬೇಡಿ.