ಒಂದು ತಿಂಗಳ ಓದು: ತಂದೆಯ ಕಾಡು, ಮಗನ ಕಾಡು

ಕಳೆದ ತಿಂಗಳು ಏನನ್ನು ಓದಿದಿರಿ, ಅದರಲ್ಲಿ ಯಾವುದು ಮನಸ್ಸಿನಲ್ಲಿ ಉಳಿಯಿತು ಎಂದು ಕೇಳಿದ್ದೀರಿ. ತಿಂಗಳ ಬಹುಪಾಲು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಹೋಯಿತು. ಅದು ಮುಗಿದೊಡನೆ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ.

‘ಮದುಮಗಳು’ ಆತುರದ ಓದಿಗೆ ಒಗ್ಗುವುದಿಲ್ಲ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಮನೆತನಗಳ ಹೆಸರುಗಳೇ ಮೊದಲಿಗೆ ಗೊಂದಲ ಹುಟ್ಟಿಸುತ್ತವೆ. ಯಾರು ಯಾವ ಮನೆಯವರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಮೇಲೆ ಓದು ಸರಾಗವಾಯಿತು. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎಂದು ಕುವೆಂಪು ಕೃತಿಯ ಆರಂಭದಲ್ಲಿಯೇ ಹೇಳುತ್ತಾರೆ. ಅದು ಬರಿಯ ಘೋಷಣೆಯಲ್ಲ ಎಂಬುದು, ಮದುವೆಯ ರಾತ್ರಿ ಮನೆ ಬಿಟ್ಟು ಹೊರಟ ಚಿನ್ನಮ್ಮನನ್ನು ಪೀಂಚಲು ಕತ್ತಲ ಕಾಡಿನೊಳಗೆ ಕರೆದೊಯ್ಯುವ ಭಾಗಕ್ಕೆ ಬಂದಾಗ ನನಗೆ ನಿಜವಾಗಿ ಅರಿವಾಯಿತು. ಅಲ್ಲಿಯವರೆಗೆ ದೊಡ್ಡ ಮನೆಯ ಮಗಳ ಮುಂದೆ ಕೂಲಿಯ ಹೆಣ್ಣಾಗಿದ್ದವಳೇ ಆ ಕಾಡಿನಲ್ಲಿ ಧೈರ್ಯ ಹೇಳುವವಳೂ ದಾರಿ ಕಾಣಿಸುವವಳೂ ಆಗುತ್ತಾಳೆ. ನಾಯಿಗುತ್ತಿಯ ಹಿಂದೆಯೇ ಅಲೆಯುವ ಅವನ ನಾಯಿ ಹುಲಿಯನಿಗೂ ಕಾದಂಬರಿಕಾರರು ಮನುಷ್ಯಪಾತ್ರಕ್ಕೆ ಕೊಡುವಷ್ಟೇ ಗಮನ ಕೊಟ್ಟಿದ್ದಾರೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1980ರ ‘ಕರ್ವಾಲೊ’ಕ್ಕೆ ಬಂದರೆ ಮಂದಣ್ಣ ಬೇರೆಯೇ ಆಗಿ ಕಾಣುತ್ತಾನೆ. ಊರಿನ ಕಣ್ಣಿಗೆ ಆತ ಕೆಲಸವಿಲ್ಲದೆ ಜೇನು ಹುಡುಕಿಕೊಂಡು ತಿರುಗುವ ಹುಡುಗ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಗುರುತಿಸುತ್ತಾರೆ. ತಂದೆಯ ಕಾದಂಬರಿಯ ಕಾಲ ತೀರ್ಥಹಳ್ಳಿ ಸೀಮೆಯ ಹತ್ತೊಂಬತ್ತನೆಯ ಶತಮಾನದ ಕೊನೆ, ಮಗನದು ಮೂಡಿಗೆರೆಯ ಆಧುನಿಕ ಕಾಲ. ಭಾಷೆಯಲ್ಲೂ ಗಾತ್ರದಲ್ಲೂ ಅಜಗಜಾಂತರ. ಆದರೆ ಲೋಕ ಲೆಕ್ಕಕ್ಕಿಡದ ಜೀವಗಳನ್ನು ಹತ್ತಿರ ನಿಂತು ನೋಡುವ ಕಣ್ಣು ಇಬ್ಬರದೂ ಒಂದೇ. ‘ಕರ್ವಾಲೊ’ದಲ್ಲಿ ಬರುವ ಹಾರುವ ಓತಿಯ ಹುಡುಕಾಟವನ್ನು ಹಿಂದೆ ಸಾಹಸಕಥೆಯೆಂದೇ ಓದಿದ್ದ ನನಗೆ, ಈ ಸಲ ಅದರಲ್ಲಿ ‘ಮದುಮಗಳು’ವಿನ ಮುಂದುವರಿಕೆಯೇ ಕಂಡಿತು.

ತಿಂಗಳ ಕೊನೆಯಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನೂ ಓದಿದೆ. ಹಣ ಬಂದ ಮನೆಯೊಳಗಿನ ಕ್ರೌರ್ಯವನ್ನು ಅದು ಬಹಳ ಹದವಾಗಿ ಹೇಳುತ್ತದೆ, ಆದರೆ ಮಲೆನಾಡಿನಿಂದ ಮನಸ್ಸು ಇನ್ನೂ ಹೊರಬಂದಿರಲಿಲ್ಲವಾದ್ದರಿಂದ ಅದನ್ನು ಮುಂದೊಮ್ಮೆ ಬಿಡುವಾಗಿ ಓದಬೇಕೆಂದಿದ್ದೇನೆ. ನೀವು ಈ ಪುಸ್ತಕಗಳಿಗೆ ಹೊಸಬರಾದರೆ ‘ಕರ್ವಾಲೊ’ದಿಂದ ಆರಂಭಿಸಿ, ‘ಮದುಮಗಳು’ ಮುಗಿಸಿದ ಮೇಲೆ ‘ಕರ್ವಾಲೊ’ವನ್ನೇ ಇನ್ನೊಮ್ಮೆ ಓದಿ.